ಕಾರ್ಬನ್ ಲೆಕ್ಕ ಬರೆಯೋರಿಗೆ ಫೀಸ್ ಕೊಡೋರು ಯಾರು?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಮರ ಬೆಳೆಸಿ ಕಾರ್ಬನ್ ಕ್ರೆಡಿಟ್ ದುಡ್ಡು ತಗೊಳ್ಳೋದು ಹೇಗೆ ಅಂತ ಒಂದಿಡೀ ಪುಟ ಹಾಕಿದ್ರಿ. ಯಾವ ಗಿಡ ಹಾಕ್ಬೇಕು, ಪಹಣಿ ಬೇಕಾ ಬೇಡ್ವಾ, ಯಾವ ಆಪ್‌ನಲ್ಲಿ ಹೆಸರು ಬರೆಸ್ಬೇಕು ಎಲ್ಲಾ ಇತ್ತು. ಮರ ಹೀರಿದ ಕಾರ್ಬನ್ ಡೈಆಕ್ಸೈಡ್ ಒಂದು ಟನ್ ಆದ್ರೆ ಒಂದು ಕ್ರೆಡಿಟ್, ಆ ಟನ್ನು ಇಷ್ಟೇ ಅಂತ ಅಳೆದು ಸೈನ್ ಹಾಕೋರು ಯಾರು, ಅವರಿಗೆ ಫೀಸ್ ಯಾರ ಜೇಬಿಂದ ಬರುತ್ತೆ ಅನ್ನೋದು ಮಾತ್ರ ಇಡೀ ಪುಟದಲ್ಲಿ ಎಲ್ಲೂ ಸಿಗಲಿಲ್ಲ. ಅದಕ್ಕೇ ಬರೀತಿದ್ದೀನಿ. ಉದ್ದ ಆಗುತ್ತೆ ಅಂತ ಗೊತ್ತು, ಕತ್ತರಿ ಹಾಕೋದು ನಿಮ್ಮಿಷ್ಟ, ಆದ್ರೆ ಕೊನೇಲಿ ಗುಜರಾತಿನ ವಿಷಯ ಬರುತ್ತಲ್ಲ ಅದನ್ನ ಮಾತ್ರ ತೆಗೀಬೇಡಿ ದಯವಿಟ್ಟು.

ನಾನು ಶಿಡ್ಲಘಟ್ಟ ಕಡೆಯೋಳು. ಬಿಎಸ್ಸಿ ಮುಗಿಸಿ ಎರಡು ವರ್ಷ ಒಂದು ಏಜೆನ್ಸಿಗೆ ಫೀಲ್ಡ್ ಕೆಲಸ ಮಾಡಿದೆ, ಹೆಸರು ಬೇಡ, ನನ್ನ ಜೊತೆಗಿದ್ದೋರು ಈಗ್ಲೂ ಅಲ್ಲೇ ಇದ್ದಾರೆ. ಹಳ್ಳಿ ಮನೆಗಳಿಗೆ ಸೌದೆ ಕಡಿಮೆ ತಿನ್ನೋ ಕಬ್ಬಿಣದ ಒಲೆ ಹಂಚಿದ್ರು, ಅದರಿಂದ ಸೌದೆ ಎಷ್ಟು ಉಳೀತು ಅಂತ ಅಳ್ಕೊಂಡು ಬರೋದು ನಮ್ಮ ಕೆಲಸ. ಆ ಉಳಿದ ಸೌದೆ ಟನ್ನುಗಳಾಗಿ, ಟನ್ನು ಕ್ರೆಡಿಟ್ ಆಗಿ, ಯಾವುದೋ ದೇಶದ ಕಂಪನಿ ‘ನಾವು ಬಿಟ್ಟ ಹೊಗೆಗೆ ಇದು ಸಮ’ ಅಂತ ಕೊಂಡ್ಕೊಳ್ಳುತ್ತೆ. ಈಗ ಆ ಕೆಲಸ ಬಿಟ್ಟು ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಕೊಂಡಿದ್ದೀನಿ. ಈಚೆಗೆ ರೈತರು ಇಂಗ್ಲಿಷಲ್ಲಿರೋ ಕಾರ್ಬನ್ ಅಗ್ರಿಮೆಂಟ್ ಹಿಡ್ಕೊಂಡು ಜೆರಾಕ್ಸಿಗೆ ಬರ್ತಾರೆ, ಬಂದೋರು ‘ಏನಮ್ಮಾ ಇದ್ರಲ್ಲಿ ಬರ್ದಿರೋದು’ ಅಂತ ಕೇಳೇ ಕೇಳ್ತಾರೆ.

ಮೊದ್ಲು ಒಂದು ಮಾತು ಸ್ಪಷ್ಟ ಮಾಡ್ಬಿಡ್ತೀನಿ. ಕಾರ್ಬನ್ ಲೆಕ್ಕ ಅನ್ನೋದೇ ಬೋಗಸ್ ಅಂತ ಹೇಳೋರ ಪೈಕಿ ನಾನಲ್ಲ. ಒಂದು ಫ್ಯಾಕ್ಟರಿ ವರ್ಷಕ್ಕೆ ಎಷ್ಟು ಹೊಗೆ ಬಿಟ್ತು ಅಂತ ಹೇಳೋದು ಸುಮಾರು ನಂಬೋ ಲೆಕ್ಕಾನೇ. ಡೀಸೆಲ್ ಬಿಲ್ ಇರುತ್ತೆ, ಒಂದು ಲೀಟರ್ ಉರಿದ್ರೆ ಹೆಚ್ಚುಕಮ್ಮಿ 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ಕರೆಂಟ್ ಬಿಲ್ ಇರುತ್ತೆ, ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ, ಆ ನಂಬರನ್ನ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದೋರು ಲೆಕ್ಕ ಹಾಕಿ ಪ್ರಕಟ ಮಾಡ್ತಾರೆ, ಯಾರು ಬೇಕಾದ್ರೂ ನೋಡ್ಬಹುದು. ಗೃಹಜ್ಯೋತೀಲಿ ಪೂರ್ತಿ 200 ಯೂನಿಟ್ ಉರಿಸೋ ಮನೆ ತಿಂಗಳಿಗೆ 140 ಕೆಜಿ ಅಂತ ನೀವೇ ಗುಣಿಸ್ಕೊಳ್ಳಿ. ಸ್ವಂತ ಹೊಗೆ ಸ್ಕೋಪ್ 1, ಕೊಂಡ ಕರೆಂಟಿಂದು ಸ್ಕೋಪ್ 2, ಉಳಿದ ಸರಕು, ಲಾರಿ, ಗಿರಾಕಿ ಕಡೇದೆಲ್ಲ ಸ್ಕೋಪ್ 3 ಅಂತ ವಿಂಗಡಿಸೋ ಪದ್ಧತೀನ ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಇನ್ನೊಂದು ಉದ್ಯಮಗಳ ಸಂಘದ ಜೊತೆ ಸೇರಿ 2001ರಲ್ಲಿ ತಂತು, ಇವತ್ತು ನಮ್ಮ ಶೇರು ಮಾರ್ಕೆಟ್‌ನ ಮೊದಲ ಸಾವಿರ ಕಂಪನಿಗಳು ಸೆಬಿಗೆ ಕೊಡೋ ರಿಪೋರ್ಟಿನಲ್ಲೂ ಇದೇ ಸ್ಕೋಪ್ ಭಾಷೆ. ಸ್ಕೋಪ್ 3ರಲ್ಲಿ ಗಾಳಿಮಾತು ಜಾಸ್ತಿ, ಅದು ಬೇರೆ ಕತೆ. ಅದೇನೇ ಇರ್ಲಿ, ಇಲ್ಲಿ ಎಣಿಸೋದು ಆಗಿಹೋದದ್ದನ್ನ.

ಆಫ್‌ಸೆಟ್‌ನಲ್ಲಿ, ಅಂದ್ರೆ ತಾವು ಬಿಟ್ಟ ಹೊಗೆಗೆ ಬದಲು ಬೇರೆ ಕಡೆ ಉಳಿಸಿದ ಹೊಗೆ ಕೊಳ್ಳೋ ವ್ಯವಹಾರದಲ್ಲಿ, ಎಣಿಸೋದು ಆಗದೇ ಹೋದದ್ದನ್ನ. ಗೋಜಲೆಲ್ಲ ಶುರುವಾಗೋದೇ ಇಲ್ಲಿಂದ.

ನಮ್ಮೂರ ಡೈರೀಲಿ ಕ್ಯಾನಿಂದ ಒಂದಿಷ್ಟು ಹಾಲು ತೆಗ್ದು ಮಷೀನಿಗಿಟ್ರೆ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು ಅಂತ ನಂಬರ್ ನಮ್ಮ ಕಣ್ಣೆದುರಿಗೇ ಬರುತ್ತೆ, ಚೀಟಿ ಕೈಗೆ ಬರುತ್ತೆ, ಜಗಳ ಆಡೋದಿದ್ರೂ ಆ ಚೀಟಿ ಹಿಡ್ಕೊಂಡೇ ಆಡ್ಬಹುದು. ಯಾಕಂದ್ರೆ ಹಾಲು ಎದುರಿಗಿದೆ. ಉರಿಸದೇ ಉಳಿದ ಸೌದೆ ಎಲ್ಲಿದೆ? ಈ ಒಲೆ ಇಲ್ದೇ ಇದ್ದಿದ್ರೆ ಈಯಮ್ಮ ಎಷ್ಟು ಸೌದೆ ಉರಿಸ್ತಿದ್ಲು ಅಂತ ಒಂದು ಲೆಕ್ಕ ಕಟ್ಬೇಕು, ಅದಕ್ಕೆ ಬೇಸ್‌ಲೈನ್ ಅಂತಾರೆ. ಒಬ್ಬ ಬಂದು ‘ನಾನು ದಿನಾ ಮೂರು ಕಟ್ಟು ಬೀಡಿ ಸೇದ್ತಿದ್ದೆ, ಈಗ ಒಂದೇ, ಉಳಿದ ಎರಡು ಕಟ್ಟಿನ ದುಡ್ಡು ಕೊಡಿ’ ಅಂತ ಕೇಳಿದ ಹಾಗೆ. ಮೂರು ಸೇದ್ತಿದ್ದನಾ ಎರಡೇನಾ? ಡಾಕ್ಟ್ರು ಬೈದಿದ್ದಕ್ಕೆ ಹೇಗೂ ಬಿಡೋನಿದ್ದನಾ? ದುಡ್ಡು ಕೊಡದಿದ್ರೂ ಹೇಗೂ ಆಗ್ತಿತ್ತಾ ಅನ್ನೋ ಈ ಪ್ರಶ್ನೆಗೆ ಅಡಿಶನಾಲಿಟಿ ಅಂತ ಅವರ ಭಾಷೇಲಿ ದೊಡ್ಡ ಹೆಸರು.

ಈಗ ನಾನು ಅಳೆದದ್ದು ಹೇಗೆ ಅಂತ ಹೇಳ್ತೀನಿ. ಕಿಚನ್ ಪರ್ಫಾರ್ಮೆನ್ಸ್ ಟೆಸ್ಟ್ ಅಂತ. ಬೆಳಿಗ್ಗೆ ಮನೆಗೆ ಹೋಗೋದು, ಅವರ ಸೌದೆ ರಾಶೀನ ಹಗ್ಗದಲ್ಲಿ ಹೊರೆ ಕಟ್ಟಿ ಕೊಕ್ಕೆ ತಕ್ಕಡೀಲಿ ನೇತು ಹಾಕಿ ತೂಗೋದು, ಎರಡು ಮುಳ್ಳಿರೋ ಸಣ್ಣ ಮೀಟರ್‌ನ ಸೌದೆಗೆ ಚುಚ್ಚಿ ತೇವ ಎಷ್ಟಿದೆ ನೋಡೋದು, ‘ಅಕ್ಕಾ, ಈ ರಾಶೀಲೇ ಉರಿಸಿ, ಬೇರೇದು ತರ್ಬೇಡಿ’ ಅಂತ ಹೇಳಿ ಬರೋದು, ಮಾರನೇ ದಿನ ಅದೇ ಹೊತ್ತಿಗೆ ಹೋಗಿ ಉಳಿದದ್ದು ತೂಗೋದು, ಹೀಗೆ ಮೂರು ದಿನ. ಜೊತೆಗೆ ಎಷ್ಟು ಜನ ಉಂಡ್ರು ಅಂತ ಬರ್ಕೋಬೇಕು. ಆ ಫಾರಂನಲ್ಲಿ ಗಂಡಸು ಒಂದು, ಹೆಂಗಸು 0.8, ಹದಿನಾಲ್ಕರ ಒಳಗಿನ ಮಕ್ಕಳು ಅರ್ಧ, ಅರವತ್ತು ದಾಟಿದ ಗಂಡಸೂ 0.8. ಇದು ನಮ್ಮ ಏಜೆನ್ಸಿ ಮಾಡಿದ ರೂಲ್ ಅಲ್ಲ, ಜಗತ್ತಿನಲ್ಲೆಲ್ಲ ಈ ಟೆಸ್ಟಿಗೆ ಇದೇ ಗುಣಾಂಕ. ಒಬ್ಬರ ಮನೇಲಿ ಇದನ್ನ ಹೇಳ್ಬಿಟ್ಟೆ, ಆ ಅಜ್ಜಿ ‘ಗದ್ದೆ ಕೆಲ್ಸಕ್ಕೆ ಹೋದಾಗ ಕೂಲೀಲಿ ಕಮ್ಮಿ, ಈಗ ಉಣ್ಣೋದ್ರಲ್ಲೂ ಕಮ್ಮಿ ಮಾಡಿದ್ರಾ’ ಅಂದ್ರು. ಆಮೇಲೆ ಯಾರ ಮನೇಲೂ ಆ ಕಾಲಂ ತೋರಿಸ್ಲಿಲ್ಲ.

ಅದೇ ಅಜ್ಜಿ ಮನೇಲಿ ಇನ್ನೊಂದು ಸಂಗತಿ ಗೊತ್ತಾಯ್ತು. ಹೊಸ ಒಲೆ ಹಗುರ, ಎತ್ತಿ ಎಲ್ಲಿಗೆ ಬೇಕಾದ್ರೂ ಇಡ್ಬಹುದು, ಅದೇ ಅದರ ದೊಡ್ಡಸ್ತಿಕೆ ಅಂತ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ರು. ಮುದ್ದೆ ತೊಳಸೋವಾಗ ಹಗುರ ಇದ್ರೆ ಆಗುತ್ತಾ ಹೇಳಿ. ಹಿಟ್ಟಿನ ಕೋಲು ಎರಡೂ ಕೈಲಿ ಹಿಡ್ದು ತಿರುವಿದ್ರೆ ಪಾತ್ರೆ ಸಮೇತ ಒಲೇನೂ ತಿರುಗುತ್ತೆ. ಹಂಗಾಗಿ ಮುದ್ದೆಗೆ ಹಳೇ ಮಣ್ಣಿನ ಒಲೆ, ಸಾರು ಕಾಫಿಗೆ ಹೊಸದು, ಸ್ನಾನದ ನೀರಿಗೆ ಹಿತ್ತಲ ಹಂಡೆ ಒಲೆ. ನಮ್ಮ ಫಾರಂನಲ್ಲಿದ್ದ ಪ್ರಶ್ನೆ ‘ಹೊಸ ಒಲೆ ಬಳಸುತ್ತೀರಾ? ಹೌದು / ಇಲ್ಲ’. ಅಜ್ಜಿ ಸುಳ್ಳು ಹೇಳ್ಲಿಲ್ಲ, ‘ಹೌದು’ ಅಂದ್ರು. ನಾನೂ ಸುಳ್ಳು ಬರೀಲಿಲ್ಲ.

ಇನ್ನೊಂದು ಕಾಲಂ ಇತ್ತು, ಇಂಧನ ಯಾವುದು ಅಂತ, ಅಲ್ಲಿ ‘ಸೌದೆ’ ಅಂತ ಟಿಕ್ ಹಾಕೋದು. ನಮ್ಮ ಕಡೆ ರೇಷ್ಮೆ ಸೀಮೆ ಸ್ವಾಮಿ. ಹುಳಕ್ಕೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿ ಮನೆ ಮುಂದೆ ರಾಶಿ ಬಿದ್ದಿರುತ್ತೆ, ಅದನ್ನೇ ಒಣಗಿಸಿ ಒಲೆಗೆ ಹಾಕ್ತಾರೆ, ಅದು ಬಿಟ್ರೆ ಜಾಲಿ, ತೊಗರಿ ಕಡ್ಡಿ, ನೀಲಗಿರಿ ರೆಂಬೆ. ಹಿಪ್ಪುನೇರಳೆ ಕಡ್ಡಿ ಕಡಿದಷ್ಟೂ ಮತ್ತೆ ಚಿಗುರುತ್ತೆ, ಉರಿಸಿದಾಗ ಹೋದ ಕಾರ್ಬನ್ ಮುಂದಿನ ಬೆಳೇಲಿ ವಾಪಸ್ ಬರುತ್ತೆ, ಅದನ್ನ ಉಳಿಸಿದ್ರೆ ಕಾಡೇನೂ ಉಳಿಯಲ್ಲ. ಮತ್ತೆ ಬೆಳೆಯದ ಸೌದೆ ಶೇಕಡಾ ಎಷ್ಟು ಅನ್ನೋ ಒಂದು ಸಂಖ್ಯೆ ಇಡೀ ಲೆಕ್ಕದ ಬೆನ್ನುಮೂಳೆ, ಅದನ್ನ ಇಷ್ಟು ಜಾಸ್ತಿ ಮಾಡಿದ್ರೆ ಕ್ರೆಡಿಟ್ಟೂ ಅಷ್ಟೇ ಜಾಸ್ತಿ. ಆ ಸಂಖ್ಯೆ ನಮ್ಮ ತಕ್ಕಡಿಯಿಂದ ಬರ್ತಿರ್ಲಿಲ್ಲ, ಮೇಲಿಂದ ಎಲ್ಲಿಂದಲೋ ಬರ್ತಿತ್ತು. ಬಹಳಷ್ಟು ಒಲೆ ಪ್ರಾಜೆಕ್ಟ್‌ಗಳು ಇದನ್ನ ಶೇ 80ಕ್ಕಿಂತ ಮೇಲೆ ತೋರಿಸ್ಕೊಂಡು ಬಂದಿವೆ. ಆದ್ರೆ ರಾಬ್ ಬೈಲಿಸ್ ಅನ್ನೋ ವಿಜ್ಞಾನಿ ಮತ್ತವರ ಜೊತೆಯವರು 2015ರಲ್ಲೇ ಉಷ್ಣವಲಯದ ದೇಶಗಳ ಸೌದೆ ಲೆಕ್ಕ ಹಾಕಿ, ಒಟ್ಟಾರೆ ಶೇ 27ರಿಂದ 34 ಮಾತ್ರ ಮತ್ತೆ ಬೆಳೆಯೋದಕ್ಕಿಂತ ಜಾಸ್ತಿ ಕಡಿದದ್ದು ಅಂತ ಬರೆದಿದ್ರು. ಎಲ್ಲಿ 30, ಎಲ್ಲಿ 80! ಆಮೇಲೆ 2024ರ ಜನವರೀಲಿ ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಆನೆಲೀಸ್ ಗಿಲ್-ವೀಲ್, ಡೇನಿಯಲ್ ಕ್ಯಾಮನ್, ಬಾರ್ಬರಾ ಹಾಯಾ ಮೂವರೂ ಸೇರಿ ಇಂಥ ಒಲೆ ಪ್ರಾಜೆಕ್ಟ್‌ಗಳನ್ನ ಮತ್ತೆ ಲೆಕ್ಕ ಹಾಕಿದ್ರು, ಅವರು ನೋಡಿದ್ದರಲ್ಲಿ ಕೊಟ್ಟ ಕ್ರೆಡಿಟ್ ನಿಜಕ್ಕಿಂತ 9.2 ಪಟ್ಟು ಜಾಸ್ತಿ ಇತ್ತು. ಅಂಗಡೀಲಿ ಗಿರಾಕಿ ಇಲ್ಲದ ಹೊತ್ತಲ್ಲಿ ಫೋನಲ್ಲಿ ಅದನ್ನ ಓದಿದಾಗ ನಂಗೆ ಆ ಟಿಕ್ ಹಾಕಿದ ಕಾಲಂಗಳೇ ಕಣ್ಮುಂದೆ ಬಂದ್ವು.

ಆಡಿಟ್ ದಿನದ ಕತೇನೂ ಹೇಳ್ಬೇಕು. ಮನೆಗಳನ್ನ ಕಂಪ್ಯೂಟರೇ ಆರಿಸುತ್ತೆ, ಯಾರಿಗೂ ಮೊದ್ಲೇ ಗೊತ್ತಾಗಲ್ಲ ಅಂತ ರೂಲ್. ನಮ್ಮ ಕೈಗೆ ಲಿಸ್ಟ್ ಹಿಂದಿನ ಸಂಜೆ ಏಳಕ್ಕೇ ವಾಟ್ಸಾಪಲ್ಲಿ ಬಂತು. ರಾತ್ರಿ ಹತ್ತರವರೆಗೂ ಮನೆಮನೆಗೆ ಹೋಗಿ ಅಟ್ಟದಿಂದ ಒಲೆ ಇಳಿಸಿ, ಧೂಳು ಒರೆಸಿ, ಒಂದು ಸಲ ಉರಿ ಹಚ್ಚಿ ಮಸಿ ಮಾಡಿಸಿ ಬಂದ್ವಿ. ಅದರಲ್ಲಿ ನಾನೂ ಇದ್ದೆ, ನಾಚಿಕೆ ಆಗುತ್ತೆ. ಬೆಳಿಗ್ಗೆ ಬಂದ ಆಡಿಟರ್ ಸಣ್ಣ ವಯಸ್ಸಿನ ಇಂಜಿನಿಯರ್, ಉತ್ತರದ ಕಡೆಯೋನು, ಕೆಲಸ ಗೊತ್ತಿದ್ದೋನು. ಒಲೆ ಒಳಗೆ ಕೈ ಹಾಕಿ ಮಸಿ ಬೆರಳಿಗೆ ಹತ್ತುತ್ತಾ ಅಂತ ನೋಡ್ದ, ತಳದಲ್ಲಿ ಬೂದಿ ಇಷ್ಟೇ ಯಾಕಿದೆ ಅಂತ ಕೇಳ್ದ. ಕನ್ನಡ ಬರ್ತಿರ್ಲಿಲ್ಲ. ಅವನು ಕೇಳಿದ್ದನ್ನ ಅಜ್ಜಿಗೂ, ಅಜ್ಜಿ ಹೇಳಿದ್ದನ್ನ ಅವನಿಗೂ ಹೇಳ್ತಿದ್ದದ್ದು ನಮ್ಮ ಸೂಪರ್‌ವೈಸರೇ! ಒಂದು ಮನೆಗೆ ಹತ್ತು ನಿಮಿಷ, ಸಂಜೆ ಫ್ಲೈಟ್. ಮಧ್ಯಾಹ್ನ ಚಹಾ ಕುಡಿಯೋವಾಗ ನಾನು ಹಿಪ್ಪುನೇರಳೆ ಕಡ್ಡಿ ವಿಷಯ ಎತ್ತಿದೆ, ನಂಗೆ ಬರೋ ಇಂಗ್ಲಿಷಲ್ಲಿ. ಅವನು ಬೇಜಾರಾಗೇ ಹೇಳ್ದ, ಪದ್ಧತೀಲಿ ಬರ್ದಿರೋ ಹಾಗೆ ಲೆಕ್ಕ ಆಗಿದೆಯಾ ಅಂತ ನೋಡೋದಷ್ಟೇ ನನ್ನ ಕೆಲಸ, ಪದ್ಧತಿ ಸರಿ ಇದೆಯಾ ಅಂತ ನೋಡೋದಲ್ಲ, ಅದನ್ನ ಬರೆದೋರು ಬೇರೆ.

ಅವನ ಮೇಲೆ ನಂಗೆ ಸಿಟ್ಟಿಲ್ಲ. ಪದ್ಧತಿ ಬರೆಯೋ ತಜ್ಞರು ಅಂಕಿ ಫೀಲ್ಡಿಂದ ಬರುತ್ತೆ ಅಂತಾರೆ, ಫೀಲ್ಡಿನೋರು ಫಾರಂನಲ್ಲಿ ಕಾಲಂ ಇಲ್ಲ ಅಂತಾರೆ, ಆಡಿಟರು ಫಾರಂ ತುಂಬಿದೆ ಸರಿ ಅಂತಾನೆ, ಕ್ರೆಡಿಟ್ ದಾಖಲೆ ಮಾಡ್ಕೊಳ್ಳೋ ರಿಜಿಸ್ಟ್ರೀನೋರು ಆಡಿಟರ್ ಸೈನ್ ಇದೆಯಲ್ಲ ಅಂತಾರೆ. ಆ ಆಡಿಟರ್ ಹುಡುಗನ್ನ ಕರೆಸಿ, ರೂಮು ಮಾಡಿ, ಬಿಲ್ ಕಟ್ಟೋದು ಮಾತ್ರ ಕ್ರೆಡಿಟ್ ಮಾರೋ ಕಂಪನಿ. ಇದು ನಮ್ಮ ಏಜೆನ್ಸಿದೊಂದೇ ಕತೆಯಲ್ಲ, ಆಫ್‌ಸೆಟ್ ಮಾರ್ಕೆಟ್ ನಡೆಯೋದೇ ಹೀಗೆ, ಪ್ರಾಜೆಕ್ಟ್ ಮಾಡೋನೇ ಆಡಿಟರನ್ನ ಆರಿಸ್ತಾನೆ, ಅವನೇ ಫೀಸ್ ಕೊಡ್ತಾನೆ. ಜಾಸ್ತಿ ತಕರಾರು ತೆಗೆದ್ರೆ ಮುಂದಿನ ಸಲ ಬೇರೆಯೋರು.

ಇದು ಹೊಸದಾಗಿ ಕಂಡುಹಿಡಿದ ವಿಷಯಾನೂ ಅಲ್ಲ. ಕ್ಯೋಟೋ ಒಪ್ಪಂದದ ಕೆಳಗೆ ಬಡ ದೇಶಗಳಲ್ಲಿ ಹೊಗೆ ಕಡಿಮೆ ಮಾಡಿ ಶ್ರೀಮಂತ ದೇಶಗಳಿಗೆ ಕ್ರೆಡಿಟ್ ಮಾರೋ ವಿಶ್ವಸಂಸ್ಥೆಯದ್ದೇ ಸಿಡಿಎಂ ಅನ್ನೋ ವ್ಯವಸ್ಥೆ ಇತ್ತು, ಅದರಲ್ಲಿ ದೊಡ್ಡ ಆಡಿಟ್ ಕಂಪನಿಗಳಲ್ಲೊಂದಾದ ನಾರ್ವೆಯ ಡಿಎನ್‌ವಿಯನ್ನ 2008ರ ಕೊನೇಲಿ, ಅಂಥದ್ದೇ ಇನ್ನೊಂದು ಕಂಪನಿ ಎಸ್‌ಜಿಎಸ್‌ನ 2009ರಲ್ಲಿ ಸ್ವಲ್ಪ ತಿಂಗಳು ಅಮಾನತು ಮಾಡಿ ಆಮೇಲೆ ವಾಪಸ್ ತಗೊಂಡ್ರು. ಅದೇ ಕಾಲದಲ್ಲಿ ಫ್ರಿಜ್ಜಿಗೆ ಹಾಕೋ ಗ್ಯಾಸ್ ತಯಾರು ಮಾಡೋವಾಗ ಹುಟ್ಟೋ ಎಚ್‌ಎಫ್‌ಸಿ-23 ಅನ್ನೋ ಕಸದ ಅನಿಲ ಇತ್ತು, ಅವತ್ತಿನ ಲೆಕ್ಕದಲ್ಲಿ ಒಂದು ಟನ್ ಅಂದ್ರೆ 11,700 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಅದನ್ನ ಸುಟ್ಟು ಹಾಕಿದ್ರೆ 11,700 ಕ್ರೆಡಿಟ್. ಗುಜರಾತಿನಲ್ಲೂ ಚೀನಾದಲ್ಲೂ ಕಾರ್ಖಾನೆಗಳು ಮುಗಿಬಿದ್ವು. ಸ್ಟ್ಯಾನ್‌ಫರ್ಡ್‌ನ ಮೈಕೆಲ್ ವಾರಾ 2007ರಲ್ಲಿ ಕೂತು ಲೆಕ್ಕ ಹಾಕಿದ್ರು: ಸುಡೋಕೆ ಆಗೋ ಖರ್ಚು 10 ಕೋಟಿ ಯೂರೋಗಿಂತ ಕಡಿಮೆ, ಕ್ರೆಡಿಟ್ ಬೆಲೆ 470 ಕೋಟಿ ಯೂರೋ. ಕಸಕ್ಕೇ ಅಷ್ಟು ರೇಟ್ ಸಿಕ್ಕಿದ್ರೆ ಕಸಾನೇ ಜಾಸ್ತಿ ಮಾಡೋಣ ಅನ್ಸಲ್ವಾ? ಕ್ರೆಡಿಟ್ ಸಿಗೋ ಕಾಲದಲ್ಲಿ ಕೆಲವು ಕಾರ್ಖಾನೆಗಳಲ್ಲಿ ಕಸ ಜಾಸ್ತಿ ಹುಟ್ಟುತ್ತೆ, ಸಿಗದ ಕಾಲದಲ್ಲಿ ಕಡಿಮೆ ಹುಟ್ಟುತ್ತೆ ಅಂತ ಜರ್ಮನಿಯ ಲ್ಯಾಂಬರ್ಟ್ ಶ್ನೈಡರ್ 2011ರಲ್ಲಿ ತೋರಿಸಿದ್ರು. ಯುರೋಪಿನೋರು 2013ರಲ್ಲಿ ಆ ಕ್ರೆಡಿಟ್ ಬೇಡವೇ ಬೇಡ ಅಂತ ಬಾಗಿಲು ಹಾಕಿದ್ರು.

ಗಾಳಿಯಂತ್ರದ್ದೂ ಹೀಗೇ. ಚಿತ್ರದುರ್ಗ, ಗದಗದ ಕಡೆ ಬಸ್ಸಲ್ಲಿ ಹೋಗೋರಿಗೆ ಗುಡ್ಡದ ಮೇಲೆ ಸಾಲು ಸಾಲಾಗಿ ಕಾಣ್ತಾವಲ್ಲ, ನೋಡೋಕೆ ಚೆಂದ, ಕಲ್ಲಿದ್ದಲಿಗಿಂತ ಸಾವಿರ ಪಾಲು ಒಳ್ಳೇದು, ಅದರಲ್ಲಿ ಮಾತಿಲ್ಲ. ಪ್ರಶ್ನೆ ಏನಂದ್ರೆ ಕ್ರೆಡಿಟ್ ದುಡ್ಡು ಬರದಿದ್ರೆ ಅವನ್ನ ನಿಲ್ಲಿಸ್ತಾನೇ ಇರ್ಲಿಲ್ವಾ? ರಫಾಯೆಲ್ ಕ್ಯಾಲೆಲ್, ಜೊನಾಥನ್ ಕೋಲ್ಮರ್ ಮತ್ತಿಬ್ಬರು ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಗಾಳಿಯಂತ್ರಗಳನ್ನೇ ಹಿಡ್ಕೊಂಡು ನೋಡಿದ್ರು. ಕ್ರೆಡಿಟ್ ತಗೊಂಡವುಗಳ ಪಕ್ಕದಲ್ಲಿ, ಅವಕ್ಕಿಂತ ಲಾಭ ಕಡಿಮೆ ಇರೋ ಜಾಗದಲ್ಲೂ ಕ್ರೆಡಿಟ್ ಇಲ್ಲದೇನೇ ಯಂತ್ರ ಎದ್ದು ನಿಂತಿದ್ವು. ಅಂದ್ರೆ ಕಡೇಪಕ್ಷ ಶೇ 52 ಕ್ರೆಡಿಟ್ ಹೇಗೂ ಆಗೋ ಕೆಲಸಕ್ಕೇ ಹೋಗಿತ್ತು. ಡಾಕ್ಟ್ರು ಬೈದು ಬೀಡಿ ಬಿಟ್ಟೋನು ನೆನಪಾದ್ನಾ?

ಇಷ್ಟು ಓದಿದ್ರೆ ವಿಜ್ಞಾನಿಗಳೆಲ್ಲ ಕಂಪನಿ ಕಡೆ ಅನ್ನಿಸ್ಬಹುದು, ಹಂಗಿಲ್ಲ. ಮೇಲೆ ಹೇಳಿದ ತಪ್ಪುಗಳಲ್ಲಿ ಬಹಳಷ್ಟನ್ನ ಹಿಡಿದದ್ದು ವಿಜ್ಞಾನಿಗಳೇ, ಅವರಿಗೆ ಆ ಪ್ರಾಜೆಕ್ಟ್‌ನಿಂದ ಫೀಸ್ ಬರ್ತಿರ್ಲಿಲ್ಲ ಅಷ್ಟೇ. ಮತ್ತೆ ನಮ್ಮ ಕರ್ನಾಟಕದಲ್ಲೇ ಈ ಒಲೆ, ಸೌದೆ, ಮರದ ಲೆಕ್ಕವನ್ನ ಕಾರ್ಬನ್ ಮಾರ್ಕೆಟ್ ಅನ್ನೋ ಹೆಸರು ಹುಟ್ಟೋ ಮೊದ್ಲೇ ಮಾಡಿದೋರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಹೊಂದೋ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದ್ರು, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಹಳ್ಳಿ ಶಾಖೆ, ಅಲ್ಲಿ ಸುತ್ತಲ ಹಳ್ಳಿಗಳಲ್ಲಿ ಯಾವ ಮನೆ ಎಷ್ಟು ಸೌದೆ ಉರಿಸುತ್ತೆ, ಅದನ್ನ ತರೋಕೆ ಹೆಂಗಸರು ಮಕ್ಕಳು ಎಷ್ಟು ಹೊತ್ತು ನಡೀತಾರೆ ಅಂತ ಮನೆಮನೆ ಲೆಕ್ಕ ತೆಗೆದ್ರು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ, ನಮ್ಮಜ್ಜಿ ಮನೇಲೂ ಇತ್ತು, ಮಣ್ಣಿಂದು, ಕದಲ್ತಿರ್ಲಿಲ್ಲ, ಮುದ್ದೆ ಆರಾಮಾಗಿ ತೊಳಸ್ಬಹುದಿತ್ತು! ಅದೇ ಬಳಗದಲ್ಲಿ ಬೆಳೆದ ಎನ್. ಎಚ್. ರವೀಂದ್ರನಾಥ್ ಅವರು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಗಳಿಗೆ ಬರೆದೋರು, ಮರದಲ್ಲಿ, ಮಣ್ಣಿನಲ್ಲಿ ಎಷ್ಟು ಕಾರ್ಬನ್ ಇದೆ ಅಂತ ಅಳೆಯೋದು ಹೇಗೆ ಅಂತ 2008ರಲ್ಲಿ ಒಂದು ಕೈಪಿಡೀನೇ ಬರೆದಿದ್ದಾರೆ ಮ್ಯಾಡಲೀನ್ ಓಸ್ಟ್ವಾಲ್ಡ್ ಅವರ ಜೊತೆ. ಅದೇ ಸಂಸ್ಥೆಯ ಆರ್. ಸುಕುಮಾರ್ ಅವರ ತಂಡ ಮುದುಮಲೈ ಕಾಡಲ್ಲಿ 50 ಹೆಕ್ಟೇರ್ ಗುರುತು ಹಾಕ್ಕೊಂಡು 1988ರಿಂದ ಒಂದೊಂದು ಮರಾನೂ ಹಿಂಬಾಲಿಸ್ತಾ ಬಂದಿದೆ, ಯಾವುದು ಬೆಳೀತು, ಯಾವುದು ಆನೆ ಮುರೀತು, ಯಾವುದು ಬೆಂಕೀಲಿ ಹೋಯ್ತು ಅಂತ. ಕಾರ್ಬನ್ ಲೆಕ್ಕ ಅಂದ್ರೆ ಇಷ್ಟು ತಾಳ್ಮೆ ಬೇಕು. ಹತ್ತು ನಿಮಿಷ ನೋಡಿ ಸಂಜೆ ಫ್ಲೈಟ್ ಹಿಡಿಯೋದಲ್ಲ.

ಮರದ ವಿಷಯಕ್ಕೆ ಬರ್ತೀನಿ, ನಿಮ್ಮ ಲೇಖನ ಇದ್ದದ್ದೇ ಅದರ ಮೇಲೆ. ಮರದ ಲೆಕ್ಕ ಕೇಳೋಕೆ ಸುಲಭ. ಎದೆ ಎತ್ತರದಲ್ಲಿ ಟೇಪ್ ಸುತ್ತಿ ಸುತ್ತಳತೆ ತಗೋ, ಆ ಜಾತಿಯ ಮರದ ಸಾಂದ್ರತೆ ಹಾಕಿ ಸೂತ್ರದಿಂದ ಒಣ ತೂಕ ತೆಗಿ, ಅದರಲ್ಲಿ ಶೇ 47 ಕಾರ್ಬನ್, ಅದನ್ನ 44ರಿಂದ ಗುಣಿಸಿ 12ರಿಂದ ಭಾಗಿಸು. 100 ಕೆಜಿ ಒಣ ಮರ ಅಂದ್ರೆ ಸುಮಾರು 172 ಕೆಜಿ ಕಾರ್ಬನ್ ಡೈಆಕ್ಸೈಡ್. ಹಂಗಾದ್ರೆ ಒಂದೇ ಒಂದು ಕ್ರೆಡಿಟ್‌ಗೆ, ಅಂದ್ರೆ ಒಂದು ಟನ್ನಿಗೆ, 580 ಕೆಜಿ ಒಣ ಮರ ಬೆಳೆದು ನಿಂತಿರ್ಬೇಕು. ಒಂದು ಟ್ರ್ಯಾಕ್ಟರ್ 370 ಚಿಲ್ಲರೆ ಲೀಟರ್ ಡೀಸೆಲ್ ಕುಡಿದ್ರೆ ಅಷ್ಟು ಹೊಗೆ ಬಿಟ್ಟಾಯ್ತು, ಅದಕ್ಕೆ ಒಂದು ಸೀಸನ್ ಸಾಕು. ಮರ ಅಷ್ಟು ಬೆಳೆಯೋಕೆ ವರ್ಷಗಳು ಬೇಕು, ಬೆಳೆದ ಮೇಲೂ ಒಣಗಬಾರದು, ಬೀಳಬಾರದು, ಮಗಳ ಮದುವೆಗೆ ಅಂತ ಕಡಿಯಬಾರದು.

ಇದೆಲ್ಲ ಬೇರೆ ದೇಶದ ಕತೆ ಅಂದ್ಕೋಬೇಡಿ. ಶುರುವಾದದ್ದು ಬೇರೆ ದೇಶದಲ್ಲೇ ನಿಜ, 1980ರ ದಶಕದ ಕೊನೇಲಿ ಅಮೆರಿಕದ ಎಇಎಸ್ ಅನ್ನೋ ಕಂಪನಿ ಕನೆಕ್ಟಿಕಟ್‌ನಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವಾಗ ಅದರ ಹೊಗೆಗೆ ಬದಲು ಗ್ವಾಟೆಮಾಲಾದ ರೈತರ ಕೈಲಿ ಮರ ನೆಡಿಸೋಕೆ ದುಡ್ಡು ಕೊಡ್ತು, ಯಾವ ಪ್ರಾಜೆಕ್ಟ್ ಆಗ್ಬೇಕು ಅಂತ ಅಳೆದು ಸುರಿದು ಹೇಳಿದ್ದು ಮೇಲೆ ಹೇಳಿದ ಅದೇ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್. ಅಲ್ಲಿಂದ ಹದಿಮೂರು ಹದಿನಾಲ್ಕು ವರ್ಷಕ್ಕೆ ಆ ಗಾಳಿ ನಮ್ಮ ಗುಡಿಬಂಡೆಗೂ ಬೀಸ್ತು. ಕೋಲ್ಡ್‌ಪ್ಲೇ ಅನ್ನೋ ಬ್ರಿಟನ್ ಬ್ಯಾಂಡ್, 2025ರ ಜನವರೀಲಿ ಮುಂಬೈ, ಅಹಮದಾಬಾದಲ್ಲಿ ಹಾಡಿ ಹೋದ್ರಲ್ಲ ಅವರೇ, 2002ರಲ್ಲಿ ತಮ್ಮ ಆಲ್ಬಂನ ಹೊಗೆ ಲೆಕ್ಕಕ್ಕೆ ಸರಿದೂಗಿಸೋಕೆ ಕರ್ನಾಟಕದಲ್ಲಿ 10,000 ಮಾವಿನ ಗಿಡ ಅಂತ ಪ್ರಚಾರ ಆಯ್ತು. 2006ರಲ್ಲಿ ಲಂಡನ್ ಪತ್ರಿಕೆಯೋರು ಗುಡಿಬಂಡೆ ಕಡೆ ಬಂದು ನೋಡಿದ್ರೆ ಬಹಳಷ್ಟು ಸಸಿ ನೀರಿಲ್ಲದೆ ಒಣಗಿ ಹೋಗಿದ್ವು. ಬೋರ್‌ವೆಲ್ ಸಾವಿರ ಅಡಿ ದಾಟೋ ಸೀಮೇಲಿ ಮಾವಿನ ಸಸಿಗೆ ನೀರು ಹೊರೋರ್ಯಾರು? ಇದನ್ನ ಲಂಡನ್ನಿಂದ ಬಂದು ಹೇಳ್ಬೇಕಾಯ್ತಲ್ಲ ಅನ್ನೋದೇ ನಂಗೆ ಬೇಜಾರು, ಸಂಪಾದಕರೇ, ಇದು ನಿಮಗೂ ಸೇರಿ.

ಪಕ್ಕದ ಬಾಗೇಪಲ್ಲಿ ತಾಲ್ಲೂಕಿನಲ್ಲಿ ಕೂಲಿ ಸಂಘದೋರ ಜೊತೆ ಸೇರಿ ಮಾಡಿದ ಬಯೋಗ್ಯಾಸ್ ಪ್ರಾಜೆಕ್ಟ್ 2005ರ ಡಿಸೆಂಬರಲ್ಲೇ ಸಿಡಿಎಂ ಪಟ್ಟಿಗೆ ಸೇರಿತ್ತು, 5,500 ಮನೆಗೆ ಒಂದೊಂದು ಗೋಬರ್ ಗ್ಯಾಸ್ ಗುಂಡಿ ಅಂತ. ನಂಗೆ ಇಂಥದ್ದರ ಮೇಲೆ ಜಾಸ್ತಿ ನಂಬಿಕೆ, ಕಾರಣ ಬಹಳ ಸರಳ. ಗುಂಡಿ ಮನೆ ಪಕ್ಕದಲ್ಲೇ ಇರುತ್ತೆ, ಕೆಟ್ರೆ ಆವತ್ತೇ ಮನೆಯಾಕೆಗೆ ಗೊತ್ತಾಗುತ್ತೆ, ನಾಲ್ಕು ಜನ ನೋಡಿ ಎಣಿಸ್ಬಹುದು, ಸಗಣಿ ಹಾಕಿಲ್ಲ ಅಂದ್ರೆ ಉರಿಯಲ್ಲ, ಆಡಿಟರ್ ಬರೋ ಹಿಂದಿನ ರಾತ್ರಿ ಏಳು ಗಂಟೆಗೆ ಲಿಸ್ಟ್ ಸಿಕ್ಕಿದ್ರೂ ಬೆಳಗಾಗೋದ್ರೊಳಗೆ ಗ್ಯಾಸ್ ತುಂಬ್ಸೋಕೆ ಆಗಲ್ಲ.

ಈಗ ಗುಜರಾತ್. ಅಲ್ಲಿ ಮೊದಲಿಂದ ಒಂದು ರೂಲ್ ಇತ್ತು, ಹೊಗೆ, ಕೊಳಕು ನೀರು ಬಿಡೋ ಕಾರ್ಖಾನೆಗಳು ಹೊರಗಿನ ಆಡಿಟರ್ ಕೈಲಿ ವರ್ಷಕ್ಕೊಂದ್ಸಲ ಪರೀಕ್ಷೆ ಮಾಡಿಸಿ ರಿಪೋರ್ಟ್ ಕೊಡ್ಬೇಕು. ಫೀಸ್ ಕಾರ್ಖಾನೇದು, ಆಯ್ಕೆಯೂ ಕಾರ್ಖಾನೇದು. ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಅನ್ನೋ ಅರ್ಥಶಾಸ್ತ್ರಜ್ಞರು ಅಲ್ಲಿನ ಮಾಲಿನ್ಯ ನಿಯಂತ್ರಣ ಮಂಡಳಿ ಜೊತೆಗೇ ಸೇರಿ ಅಹಮದಾಬಾದ್, ಸೂರತ್ ಕಡೆಯ 473 ಕಾರ್ಖಾನೆ ತಗೊಂಡು ಪ್ರಯೋಗ ಮಾಡಿದ್ರು, 2013ರಲ್ಲಿ ಪ್ರಕಟ ಆಯ್ತು. ಅರ್ಧದಷ್ಟು ಕಾರ್ಖಾನೆಗೆ ಹಳೇ ಪದ್ಧತಿ. ಇನ್ನರ್ಧಕ್ಕೆ ಆಡಿಟರನ್ನ ಚೀಟಿ ಎತ್ತಿ ಕೊಟ್ರು, ಫೀಸ್ ಒಂದು ಸಾಮಾನ್ಯ ನಿಧಿಯಿಂದ, ಎಲ್ಲಾ ಆಡಿಟರಿಗೂ ಒಂದೇ ರೇಟು, ಅವರು ಬರೆದದ್ದನ್ನ ಬೇರೆಯೋರು ಹೇಳದೇ ಕೇಳದೇ ಹೋಗಿ ಮತ್ತೆ ಅಳೆದು ನೋಡೋರು. ಹಳೇ ಪದ್ಧತೀಲಿ ಆಡಿಟರುಗಳ ಪ್ರಕಾರ ಧೂಳಿನ ಮಿತಿ ಮೀರಿದ ಕಾರ್ಖಾನೆ ಶೇ 7, ಹೋಗಿ ಅಳೆದ್ರೆ ಶೇ 59! ಹೊಸ ಪದ್ಧತೀಲಿ ಸುಳ್ಳು ಸುಳ್ಳೇ ‘ಮಿತಿಯೊಳಗಿದೆ’ ಅಂತ ಬರೆಯೋದು ಶೇ 80ರಷ್ಟು ಕಡಿಮೆ ಆಯ್ತು. ಬರೆಯೋರ ಕೈ ನೆಟ್ಟಗಾದ ಮೇಲೆ ಕಾರ್ಖಾನೆಗಳೂ ಹೊಗೆ, ಕೊಳೆ ಕಡಿಮೆ ಮಾಡಿದ್ವು. ಓದು, ಡಿಗ್ರಿ, ಯಂತ್ರ, ಲ್ಯಾಬ್ ಯಾವುದೂ ಬದಲಾಗಿರ್ಲಿಲ್ಲ. ಅದೇ ಆಡಿಟರುಗಳು. ಬದಲಾದದ್ದು ಅವರನ್ನ ಆರಿಸೋರು, ದುಡ್ಡು ಬರೋ ದಾರಿ, ಮತ್ತೆ ಹಿಂದಿಂದ ಬಂದು ಯಾರೋ ಅಳೀತಾರೆ ಅನ್ನೋ ಭಯ.

ನಮ್ಮ ದೇಶದಲ್ಲೇ, ನಮ್ಮದೇ ಆಡಿಟರುಗಳ ಮೇಲೆ ಮಾಡಿ ನೋಡಿದ ಪ್ರಯೋಗ ಇದು. ಕೇಂದ್ರ ಸರ್ಕಾರ 2023ರ ಜೂನಲ್ಲಿ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಯೋಜನೆ ತಂತು, ಅದೇ ಡಿಸೆಂಬರಲ್ಲಿ ಆಫ್‌ಸೆಟ್ಟಿಗೂ ಬಾಗಿಲು ತೆಗೀತು, ಪರಿಶೀಲನೆ ಮಾಡೋ ಏಜೆನ್ಸಿಗಳಿಗೆ ಮಾನ್ಯತೆ ಕೊಡೋದು ಇಂಧನ ದಕ್ಷತಾ ಬ್ಯೂರೋ, ಅಂದ್ರೆ ಬಿಇಇ, ಫ್ರಿಜ್ ಮೇಲೆ ಸ್ಟಾರ್ ಅಂಟಿಸ್ತಾರಲ್ಲ ಅವರು. ಮಾನ್ಯತೆ ಕೊಟ್ರೆ ಅರ್ಧ ಕೆಲಸ ಆಯ್ತು. ಫೀಸ್‌ನ ಪ್ರಾಜೆಕ್ಟ್‌ನೋರಿಂದ ಬ್ಯೂರೋನೇ ವಸೂಲಿ ಮಾಡಿ ಒಂದು ನಿಧೀಲಿಟ್ಟು, ಆಡಿಟರನ್ನ ಚೀಟಿ ಎತ್ತಿ ಕಳಿಸ್ಲಿ, ನೂರರಲ್ಲಿ ಹತ್ತು ಕಡೆ ಆದ್ರೂ ಇನ್ನೊಬ್ರು ಹೋಗಿ ಮತ್ತೆ ಅಳೀಲಿ, ಕೃಷಿ ವಿಶ್ವವಿದ್ಯಾಲಯದ ಮಕ್ಕಳಿದ್ದಾರೆ, ಟೇಪ್ ಹಿಡಿಯೋಕೆ ಬರುತ್ತೆ ಅವರಿಗೆ. ಆಡಿಟರ್ ಜೊತೆ ಮಾತು ತಿರುಗಿಸಿ ಹೇಳೋನು ಕಂಪನಿ ಸೂಪರ್‌ವೈಸರ್ ಆಗಿರ್ಲೇಬಾರದು. ಬೇಸ್‌ಲೈನ್ ಇಷ್ಟು ಯಾಕೆ ಅನ್ನೋ ಹಾಳೆ ಕನ್ನಡದಲ್ಲಿ ಗ್ರಾಮ ಪಂಚಾಯ್ತಿ ಗೋಡೆ ಮೇಲೆ ಅಂಟಿಸ್ಲಿ, ನರೇಗಾ ಕೆಲಸದ ಪಟ್ಟಿ ಬರೆಸ್ತಿದ್ರಲ್ಲ ಹಂಗೆ, ‘ಈ ಊರಲ್ಲಿ ಎಲ್ಲರೂ ಕಾಡು ಮರ ಕಡಿದು ಉರಿಸ್ತಾರೆ’ ಅಂತ ಅಲ್ಲಿ ಬರ್ದಿದ್ರೆ ಹಿಪ್ಪುನೇರಳೆ ಕಡ್ಡಿ ಉರಿಸೋ ಹೆಂಗಸರೇ ಓದಿ ನಗ್ತಾರೆ, ಅದಕ್ಕಿಂತ ದೊಡ್ಡ ಆಡಿಟ್ ಯಾವುದಿದೆ?

ನಿಮಗೊಂದು ಕೋರಿಕೆ, ಮುಂದಿನ ಸಲ ಕಾರ್ಬನ್ ದುಡ್ಡಿನ ಲೇಖನ ಹಾಕೋವಾಗ ಕಂಪನಿ ಹೆಸರಿನ ಜೊತೆ ಆಡಿಟ್ ಮಾಡಿದೋರ ಹೆಸರೂ ಹಾಕಿ. ಅವರನ್ನೂ ಫೋನ್ ಮಾಡಿ ಕೇಳಿ.

ನಮ್ಮ ಚಿಕ್ಕಪ್ಪನ ವಯಸ್ಸಿನ ರೈತರೊಬ್ರು ಅಗ್ರಿಮೆಂಟ್ ನನ್ನ ಹತ್ರಾನೇ ಬಿಟ್ಟು ಹೋಗಿದ್ದಾರೆ, ಪೂರ್ತಿ ಓದಿ ಹೇಳಮ್ಮಾ ಅಂತ. ಹನ್ನೊಂದು ಪುಟ ಓದಿದ್ದೀನಿ. ಮರ ಬಿದ್ರೆ, ಒಣಗಿದ್ರೆ ತಕ್ಷಣ ತಿಳಿಸ್ಬೇಕು ಅಂತ ರೈತನಿಗೆ ಒಂದು ಪುಟ ಇದೆ. ಅಳತೆ ತಪ್ಪಾಗಿದ್ರೆ ರೈತ ಯಾರನ್ನ ಕೇಳ್ಬೇಕು ಅಂತ ಒಂದು ಸಾಲೂ ಸಿಕ್ಕಿಲ್ಲ, ಇನ್ನೂ ನಾಲ್ಕು ಪುಟ ಬಾಕಿ ಇದೆ.

ಪತ್ರ ಹಾಕೋದಾದ್ರೆ ನಮ್ಮೂರಿನ ಹೆಸರು ಮಾತ್ರ ಬೇಡ. ಆ ಅಜ್ಜಿ ಮನೆಗೆ ಮತ್ತೆ ಯಾರಾದ್ರೂ ತಕ್ಕಡಿ ಹಿಡ್ಕೊಂಡು ಹೋದ್ರೆ ನನ್ನನ್ನೇ ಹುಡ್ಕೊಂಡು ಬಂದು ಬೈತಾರೆ.

ಇಂತಿ,
ನಿಮ್ಮ ಓದುಗಳು
ಶಿಡ್ಲಘಟ್ಟ ತಾಲ್ಲೂಕು